ಹಂಟರ್ ಸುಲಭ, ವಾರಿಯರ್ ಕಷ್ಟ: ಯಾರಿಗೆ, ಯಾವಾಗ?

ನಮ್ಮ ಅಕ್ಕನ ಮಗ ಪಿಯುಸಿ ಪರೀಕ್ಷೆ ಮುಗಿಸಿ ರಜೆಯಲ್ಲಿದ್ದ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಅನ್ನೋ ಆನ್‌ಲೈನ್ ಆಟ ಇನ್‌ಸ್ಟಾಲ್ ಮಾಡಿಕೊಂಡು, ಹೊಸ ಪಾತ್ರ ಆರಿಸುವ ಸ್ಕ್ರೀನ್ ಮುಂದೆ ಕೂತು ನನಗೆ ಫೋನ್ ಮಾಡಿದ. "ಮಾಮ, ಯಾವ ಕ್ಲಾಸ್ ಈಸಿ? ಒಂದೇ ಮಾತಲ್ಲಿ ಹೇಳು." ಹಂಟರ್ ಅಂದೆ. "ಕಷ್ಟ ಯಾವುದು?" ವಾರಿಯರ್ ಅಂದೆ. ಸರಿ ಅಂತ ಫೋನ್ ಇಟ್ಟ.

ಇಟ್ಟ ಮೇಲೆ ನನಗೇ ಸಮಾಧಾನ ಆಗಲಿಲ್ಲ. ಅವನು ಅದೇ ಪ್ರಶ್ನೆಯನ್ನ ಕೊನೆಯ ಮೆಟ್ಟಿಲಾದ 60ನೇ ಲೆವೆಲ್ ಮುಟ್ಟಿದ ಮೇಲೆ ಕೇಳಿದ್ದರೆ ನಾನು ಹೆಚ್ಚುಕಡಿಮೆ ಉಲ್ಟಾ ಉತ್ತರ ಕೊಡುತ್ತಿದ್ದೆ. ಒಂದೇ ಆಟ, ಅವೇ ಕ್ಲಾಸ್‌ಗಳು, ಉತ್ತರ ಮಾತ್ರ ಬೇರೆ. ಹಾಗಾದರೆ "ಕಷ್ಟ" ಅಂತ ನಾವು ಅಳೆಯುತ್ತಿರೋದು ಏನನ್ನ? ಇಷ್ಟು ವರ್ಷ ಆಡಿ, ಹತ್ತಾರು ಸಲ ಸತ್ತು, ಬೈಸಿಕೊಂಡು ನನಗೆ ಅನ್ನಿಸಿರೋದು ಇಷ್ಟು: ಎಷ್ಟು ಬಟನ್ ಒತ್ತಬೇಕು ಅನ್ನೋದಕ್ಕಿಂತ, ಒತ್ತೋದು ತಪ್ಪಿದರೆ ಏನಾಗುತ್ತೆ, ಯಾರಿಗೆ ಆಗುತ್ತೆ ಅನ್ನೋದನ್ನ ನೋಡಿದರೆ ಕ್ಲಾಸ್‌ನ ಕಷ್ಟ ಬೇಗ ಅರ್ಥವಾಗುತ್ತೆ. ಇದನ್ನೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ಈ ಆಟಗಳನ್ನ ಆಡದವರಿಗೆ ಎರಡು ಮಾತು. ಕ್ಲಾಸ್ ಅಂದರೆ ನಿಮ್ಮ ಪಾತ್ರದ ಕಸುಬು. ವಾರಿಯರ್ ಕತ್ತಿ ಹಿಡಿದು ಎದುರು ನಿಲ್ಲುತ್ತಾನೆ, ಮೇಜ್ ದೂರದಿಂದ ಮಂತ್ರ ಎಸೆಯುತ್ತಾನೆ, ಪ್ರೀಸ್ಟ್ ಗಾಯ ವಾಸಿ ಮಾಡುತ್ತಾನೆ, ಹಂಟರ್ ಬಿಲ್ಲು ಹಿಡಿದು ಜೊತೆಗೊಂದು ಪ್ರಾಣಿ ಸಾಕಿಕೊಂಡಿರುತ್ತಾನೆ. ಐದು ಜನ ಸೇರಿ ಡಂಜನ್‌ಗೆ, ಅಂದರೆ ಶತ್ರುಗಳು ತುಂಬಿದ ಗುಹೆ-ಕೋಟೆಯಂಥ ಜಾಗಕ್ಕೆ, ಹೋದರೆ ಸಾಮಾನ್ಯವಾಗಿ ಒಬ್ಬ ಟ್ಯಾಂಕ್, ಅಂದರೆ ಏಟು ತಿನ್ನುವವನು. ಒಬ್ಬ ಹೀಲರ್. ಉಳಿದ ಮೂವರು ಹೊಡೆಯುವವರು. ವಾರ್‌ಕ್ರಾಫ್ಟ್ 2004ರ ನವೆಂಬರ್‌ನಲ್ಲಿ ಬಂದಾಗ ಒಂಬತ್ತು ಕ್ಲಾಸ್ ಇದ್ದವು. ಆಮೇಲೆ ಡೆತ್ ನೈಟ್, ಮಾಂಕ್, ಡೀಮನ್ ಹಂಟರ್, ಇವೋಕರ್ ಸೇರಿ 13 ಆದವು. ಕ್ಲಾಸಿಕ್ ಅಂದರೆ ಆ ಮೊದಲಿನ ಆಟವನ್ನೇ 2019ರಲ್ಲಿ ಮತ್ತೆ ಬಿಟ್ಟದ್ದು. ಒಂದೊಂದು ಕ್ಲಾಸ್ ಒಳಗೂ ಎರಡು-ಮೂರು ಸ್ಪೆಕ್, ಅಂದರೆ ಕಸುಬಿನ ಒಳದಾರಿಗಳು, ಪ್ರಾಣಿರೂಪ ತಾಳುವ ಡ್ರೂಯಿಡ್‌ಗೆ ನಾಲ್ಕು. ಹಾಗಾಗಿ "ಮೇಜ್ ಕಷ್ಟನಾ?" ಅಂತ ಕೇಳಿದರೆ "ಯಾವ ಮೇಜ್?" ಅಂತ ತಿರುಗಿ ಕೇಳಬೇಕಾಗುತ್ತೆ.

ಎಲ್ಲ ಕ್ಲಾಸ್ ಒಂದೇ ಸಮ ಇರಬೇಕು ಅನ್ನೋ ಆಸೆ ಮೊದಲಿಂದ ಇದ್ದದ್ದಲ್ಲ. 1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಅದೇ ಟೇಬಲ್ ಸುತ್ತ ಕೂತು ಕಾಗದ, ದಾಳ ಹಿಡಿದು ಆಡುವ ಆಟ, ಅದರಲ್ಲಿ ಮೂರೇ ಕ್ಲಾಸ್: ಕಾದಾಡುವವನು, ಮಂತ್ರವಾದಿ, ಪೂಜಾರಿ. ಮಂತ್ರವಾದಿಗೆ ಶುರುವಿನಲ್ಲಿ ದಿನಕ್ಕೆ ಒಂದೇ ಮಂತ್ರ. ಅದು ಖಾಲಿ ಆದ ಮೇಲೆ ಉಳಿದವರ ಬೆನ್ನ ಹಿಂದೆ ನಿಲ್ಲಬೇಕು. ಮುಂದೆ ದೊಡ್ಡವನಾದರೆ ಮಾತ್ರ ಅವನನ್ನ ಹಿಡಿಯೋರೇ ಇಲ್ಲ. ಅಂದರೆ ಕಷ್ಟವನ್ನ ಮುಂಗಡ ಕಟ್ಟಿಸಿಕೊಂಡು ಬಲವನ್ನ ಕೊನೆಗೆ ಕೊಡ್ತಿದ್ದರು.

1999ರಲ್ಲಿ ಬಂದ ಎವರ್‌ಕ್ವೆಸ್ಟ್ ಅನ್ನೋ ಆನ್‌ಲೈನ್ ಆಟ ಇನ್ನೂ ಒಂದು ಹೆಜ್ಜೆ ಮುಂದೆ. ಪ್ಯಾಲಡಿನ್, ರೇಂಜರ್, ಶ್ಯಾಡೋ ನೈಟ್, ಬಾರ್ಡ್, ಹೀಗೆ ಎರಡು ಕಸುಬು ಬೆರೆತ ಕ್ಲಾಸ್ ತಗೊಂಡರೆ ಲೆವೆಲ್ ಏರೋಕೆ ಬೇಕಾದ ಅನುಭವಾಂಕವೇ ಶೇ. 40ರಷ್ಟು ಜಾಸ್ತಿ ಇತ್ತು. ಆಮೇಲೆ ಅದನ್ನ ತೆಗೆದುಹಾಕಿದರು. ಆ ಆಟದ ಬಾರ್ಡ್ ಬಗ್ಗೆ ಮಾತ್ರ ಒಂದು ನಿಮಿಷ ನಿಲ್ಲಲೇಬೇಕು. ಬಾರ್ಡ್ ಹಾಡು ಹಾಡಿ ತಂಡಕ್ಕೆ ಬಲ ಕೊಡುವವನು. ಒಂದು ಹಾಡು ಹಾಡಿ ಮುಗಿಸೋಕೆ 3 ಸೆಕೆಂಡ್. ನಿಲ್ಲಿಸಿದ ಮೇಲೂ ಅದರ ಪರಿಣಾಮ ಸ್ವಲ್ಪ ಹೊತ್ತು ಉಳಿಯುತ್ತೆ. ಆ ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ಹಾಡು, ಮತ್ತೊಂದು ಹಾಡು, ಮೊದಲಿನದು ಆರಿ ಹೋಗೋ ಮುಂಚೆ ವಾಪಸ್ ಅದಕ್ಕೆ. ಒಲೆ ಮೇಲೆ ನಾಲ್ಕು ಕಾವಲಿ ಇಟ್ಟುಕೊಂಡು ನಾಲ್ಕರಲ್ಲೂ ದೋಸೆ ಸೀಯದ ಹಾಗೆ ನೋಡಿಕೊಂಡ ಹಾಗೆ, ಗಂಟೆಗಟ್ಟಲೆ. ಬಾರ್ಡ್ ಆಡಿದವರು ಕೈ ನೋವಿನ ಬಗ್ಗೆ ದೂರುತ್ತಿದ್ದದ್ದು ಸುಮ್ನೆ ಅಲ್ಲ. ಕೊನೆಗೆ ಆಟ ಮಾಡಿದವರೇ ಹಾಡುಗಳನ್ನ ತಾನಾಗೇ ಸುತ್ತಿಸುವ ಮೆಲಡಿ ಅನ್ನೋ ಕಮಾಂಡ್ ಕೊಟ್ಟರು. ಈ ಕಮಾಂಡ್ ನೆನಪಿಟ್ಟುಕೊಳ್ಳಿ, ಆಮೇಲೆ ಮತ್ತೆ ಬರುತ್ತೆ.

ಈಗ ನಮ್ಮ ವಾರಿಯರ್ ಹತ್ತಿರ ಬರೋಣ. ಕ್ಲಾಸಿಕ್‌ನಲ್ಲಿ ಅವನು ಯಾಕೆ ಕಷ್ಟ ಅಂತ ಒಂದೇ ಒಂದು ಜಗಳ ನೋಡಿದರೆ ತಿಳಿಯುತ್ತೆ.

ವೆಸ್ಟ್‌ಫಾಲ್ ಅನ್ನೋ ಒಣ ಹೊಲಗಳ ಸೀಮೆ. ಪಾಳುಬಿದ್ದ ಮನೆ ಮುಂದೆ ಇಬ್ಬರು ಡೀಫಿಯಸ್ ಕಳ್ಳರು ನಿಂತಿದ್ದಾರೆ. ನೀವು 15ನೇ ಲೆವೆಲ್ ವಾರಿಯರ್. ಮಂತ್ರ ಹಾಕೋಕೆ ಖರ್ಚಾಗುವ ಶಕ್ತಿಗೆ ಮಾನಾ ಅಂತಾರೆ. ವಾರಿಯರ್‌ಗೆ ಮಾನಾ ಇಲ್ಲ, ರೇಜ್, ಅಂದರೆ ಸಿಟ್ಟು, ಇದೆ. ರೇಜ್ ಹೊಡೆದರೆ ಬರುತ್ತೆ, ಹೊಡೆಸಿಕೊಂಡರೆ ಬರುತ್ತೆ, ಸುಮ್ನೆ ನಿಂತರೆ ಸೋರಿಹೋಗುತ್ತೆ. ಅಂದರೆ ಜಗಳ ಶುರುವಾಗುವಾಗ ನಿಮ್ಮ ಜೇಬು ಖಾಲಿ. ಚಾರ್ಜ್ ಮಾಡಿ ನುಗ್ಗಿದರೆ ಒಂಚೂರು ರೇಜ್ ಸಿಗುತ್ತೆ. ಆದರೆ ಕಳ್ಳನ ಮೇಲೆ ನುಗ್ಗಿದಿರಿ ಅಂದರೆ ಅವನ ಪಕ್ಕದವನ ಮುಂದೂ ಹೋಗಿ ನಿಂತಿರಿ ಅಂತಲೇ ಅರ್ಥ. ಈಗ ಇಬ್ಬರು. ಮೊದಲ ಏಟು ತಪ್ಪಿತು. ತಪ್ಪಿದ ಏಟಿಗೆ ರೇಜ್ ಇಲ್ಲ, ರೇಜ್ ಇಲ್ಲದೆ ಮುಂದಿನ ದೊಡ್ಡ ಏಟಿಲ್ಲ. ಹಸಿರು ದರ್ಜೆಯ ಒಳ್ಳೆ ಕೊಡಲಿ ಸಿಕ್ಕಿಲ್ಲ ಅಂದರೆ, ಹಳೇ ಮಾಮೂಲಿ ಬಿಳಿ ದರ್ಜೆಯ ಕತ್ತಿಯಲ್ಲಿ ಸೌದೆ ಕಡಿದ ಹಾಗೆ ಕಡಿಯುತ್ತಾ ಇರಬೇಕು. ಕಳ್ಳನಿಗೆ ಜೀವ ಕಡಿಮೆ ಆದ ತಕ್ಷಣ ಅವನು ಓಡ್ತಾನೆ. ಓಡಿದವನು ಸುಮ್ನೆ ಓಡಲ್ಲ, ಮೂರನೆಯವನನ್ನ ಕರ್ಕೊಂಡು ಬರ್ತಾನೆ. ಅವನ ಕಾಲಿಗೆ, ಓಟ ನಿಧಾನ ಮಾಡೋ ಹ್ಯಾಮ್‌ಸ್ಟ್ರಿಂಗ್ ಏಟು ಹಾಕೋದನ್ನ ಮರೆತಿದ್ದೀರ ಅಂತ ಆಗ ನೆನಪಾಗುತ್ತೆ.

ಗೆದ್ದಿರಿ ಅಂತಲೇ ಇಟ್ಟುಕೊಳ್ಳಿ. ಜೀವ ಕಾಲು ಭಾಗ ಉಳಿದಿದೆ. ವಾಸಿ ಮಾಡಿಕೊಳ್ಳುವ ಮಂತ್ರ ನಿಮ್ಮ ಹತ್ತಿರ ಒಂದೂ ಇಲ್ಲ. ಕೂತು ರೊಟ್ಟಿ ತಿನ್ನಬೇಕು. ಒಂದು ಸಲ ತಿನ್ನೋಕೆ 18ರಿಂದ 30 ಸೆಕೆಂಡ್. ಆ ರೊಟ್ಟಿಗೂ ದುಡ್ಡು. ಎದ್ದು ಮುಂದಿನ ಕಳ್ಳ. ಮತ್ತೆ ರೊಟ್ಟಿ. ವಾರಿಯರ್ ಲೆವೆಲ್ ಏರೋದು ಅಂದರೆ ಅರ್ಧ ಯುದ್ಧ, ಅರ್ಧ ಊಟ.

ಇಲ್ಲಿ ಒತ್ತಬೇಕಾದ ಬಟನ್ ಎಷ್ಟು? ನಾಲ್ಕೋ ಐದೋ. ಕೈಗೆ ಕಷ್ಟವೇ ಇಲ್ಲ. ತಪ್ಪಿಸಿಕೊಳ್ಳೋ ದಾರಿ ಇಲ್ಲ, ಅದು ಕಷ್ಟ. ರೋಗ್, ಅಂದರೆ ಕಳ್ಳನ ಕಸುಬಿನವನು, ಮಾಯವಾಗಬಹುದು. ಮೇಜ್ ಶತ್ರುವಿನ ಕಾಲು ಹೆಪ್ಪುಗಟ್ಟಿಸಿ ದೂರ ಹಾರಬಹುದು. ಪ್ಯಾಲಡಿನ್ ಏಟೇ ತಾಗದ ಡಿವೈನ್ ಶೀಲ್ಡ್ ಗುಳ್ಳೆ ಹಾಕಿಕೊಂಡು, ಅದರೊಳಗೇ ಹಾರ್ತ್‌ಸ್ಟೋನ್ ಒತ್ತಿ ಊರಿನ ಛತ್ರಕ್ಕೆ ಹೋಗಿ ಬೀಳಬಹುದು, ಅದಕ್ಕೆ ನಾವೆಲ್ಲ ಬಬಲ್-ಹಾರ್ತ್ ಅಂತ ರೇಗಿಸ್ತಿದ್ದೆವು. ವಾರಿಯರ್ ಲೆಕ್ಕ ತಪ್ಪಿದರೆ ಸಾಯ್ತಾನೆ, ಅಷ್ಟೇ. ಮಾಮೂಲಿ ಸರ್ವರ್‌ನಲ್ಲಿ ಸತ್ತರೆ ಸ್ಮಶಾನದಿಂದ ಹೆಣದ ತನಕ ಓಡಿ ಬಂದರೆ ಆಯ್ತು. 2023ರ ಆಗಸ್ಟ್‌ನಲ್ಲಿ ಹಾರ್ಡ್‌ಕೋರ್ ಸರ್ವರ್ ಅಂತ ಬಿಟ್ಟರಲ್ಲ, ಒಂದು ಸಲ ಸತ್ತರೆ ಆ ಪಾತ್ರ ಅಲ್ಲಿಗೆ ಮುಗೀತು, ಅಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತೆ. ನನ್ನ ವಾರಿಯರ್ 17ನೇ ಲೆವೆಲ್‌ನಲ್ಲಿ, ಮೇಲೆ ಹೇಳಿದಂಥದ್ದೇ ಒಂದು ಮನೆ ಮುಂದೆ, ಮಳೆ ಬಂದು ನೆಟ್ ಹೋದಾಗ ಸತ್ತ. ವಾಪಸ್ ಲಾಗಿನ್ ಆದರೆ ನೆಲದ ಮೇಲೆ ಮಲಗಿದ್ದಾನೆ. ಹಂಟರ್ ಆಗಿದ್ದರೆ ಬದುಕುತ್ತಿದ್ದನೋ ಏನೋ, ಜೊತೆಗಿರೋ ಕರಡಿ ಏಟು ತಿನ್ನುತ್ತಿತ್ತು.

ಹಂಟರ್ ಸುಲಭ ಅನ್ನೋದರ ಗುಟ್ಟೇ ಆ ಕರಡಿ. 10ನೇ ಲೆವೆಲ್‌ಗೆ ಪ್ರಾಣಿ ಪಳಗಿಸೋಕೆ ಕಲೀತೀರ. ಅಲ್ಲಿಂದ ಮುಂದೆ ಒಬ್ಬರೇ ಆಡುತ್ತಿದ್ದರೂ ನಿಮಗೆ ನಿಮ್ಮದೇ ಟ್ಯಾಂಕ್ ಇದೆ. ಪ್ರಾಣಿಯನ್ನ ಮುಂದೆ ಕಳಿಸಿ ಹಿಂದಿನಿಂದ ಬಾಣ ಬಿಟ್ಟರೆ ಆಯ್ತು. 30ಕ್ಕೆ ಫೇನ್ ಡೆತ್ ಬರುತ್ತೆ, ಸತ್ತವನ ಹಾಗೆ ಬಿದ್ದುಕೊಂಡರೆ ಶತ್ರು ಸುಮ್ನೆ ಹೊರಟುಹೋಗ್ತಾನೆ. ಇಷ್ಟು ಕ್ಷಮೆ ಬೇರೆ ಯಾವ ಕ್ಲಾಸ್‌ಗೂ ಇಲ್ಲ. ಇದೇ ಹಂಟರ್‌ಗಳಿಗೆ ಶಾಪವೂ ಆಯ್ತು ಅನ್ನಿ. ತಪ್ಪು ಮಾಡಿದರೂ ಸಾಯದವನಿಗೆ ತಾನು ತಪ್ಪು ಮಾಡ್ತಿದ್ದೀನಿ ಅಂತ ಗೊತ್ತಾಗೋದೇ ಇಲ್ಲ. 60 ಮುಟ್ಟಿದ ವಾರಿಯರ್ ಏಟು ತಿಂದೂ ತಿಂದೂ ಆಟ ಕಲಿತಿರ್ತಾನೆ. 60 ಮುಟ್ಟಿದ ಹಂಟರ್ ಕೆಲವೊಮ್ಮೆ ಏನನ್ನೂ ಕಲಿಯದೆ ಅಲ್ಲಿಗೆ ಬಂದಿರ್ತಾನೆ. ಹಾಗಾಗಿಯೇ "ಹಂಟಾರ್ಡ್", ಅಂದರೆ ಪೆದ್ದ ಹಂಟರ್, ಅನ್ನೋ ಬೈಗುಳ ಹುಟ್ಟಿದ್ದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರಲ್ಲ, ಹಂಟರ್‌ಗಳ ಕಥೆ ಅದೇ.

ಉಳಿದವರು ಈ ಎರಡು ತುದಿಗಳ ನಡುವೆ ಬರ್ತಾರೆ. ಮೇಜ್ ತನ್ನ ನೀರು-ತಿಂಡಿ ತಾನೇ ಸೃಷ್ಟಿ ಮಾಡಿಕೊಳ್ತಾನೆ, ಖರ್ಚಿಲ್ಲ, ಆದರೆ ಮೈಮೇಲಿರೋದು ಬರೀ ಬಟ್ಟೆ. ಪ್ರೀಸ್ಟ್ ಅಷ್ಟೊಂದು ಪವಿತ್ರ ಮಂತ್ರ ಕಲಿತೂ ಲೆವೆಲ್ ಏರೋವಾಗ ಹೆಚ್ಚಿನ ಕೆಲಸವನ್ನ ಒಂದು ಕಡ್ಡಿಯಲ್ಲಿ ಮುಗಿಸ್ತಾನೆ, ವ್ಯಾಂಡ್ ಅಂತ, ಮಾನಾ ಖರ್ಚಿಲ್ಲದೆ ಟಿಕ್ ಟಿಕ್ ಅಂತ ಹೊಡೀತಾ ಇರುತ್ತೆ. ಪ್ಯಾಲಡಿನ್ ಆಡುವಾಗ ಟೀ ಕುಡಿಯಬಹುದು. ತಮಾಷೆ ಅಲ್ಲ, ಸೀಲ್ ಅನ್ನೋ ಮಂತ್ರ ಹಾಕಿ ಬಿಟ್ಟರೆ ಕೈ ತಾನಾಗೇ ಬೀಸ್ತಾ ಇರುತ್ತೆ.

ಈಗ 60ಕ್ಕೆ ಬನ್ನಿ. ಮೋಲ್ಟನ್ ಕೋರ್, 40 ಜನರ ರೇಡ್, ಅಂದರೆ ಅಷ್ಟೂ ಜನ ಒಟ್ಟಿಗೆ ನುಗ್ಗುವ ದೊಡ್ಡ ಡಂಜನ್. ಇಲ್ಲಿ ಲೆಕ್ಕವೆಲ್ಲ ತಲೆಕೆಳಗು.

ಒಬ್ಬನೇ ಇದ್ದಾಗ ರೊಟ್ಟಿ ತಿನ್ನುತ್ತಾ ಒದ್ದಾಡುತ್ತಿದ್ದ ವಾರಿಯರ್‌ಗೆ ಈಗ ಹಿಂದೆ ಹೀಲರ್‌ಗಳ ಸಾಲೇ ಇದೆ. ಒಳ್ಳೆ ಆಯುಧ ಸಿಕ್ಕಿದೆ, ಏಟು ತಪ್ಪೋದು ಕಡಿಮೆ, ರೇಜ್ ಧಾರಾಳ. 2019ರಲ್ಲಿ ಕ್ಲಾಸಿಕ್ ವಾಪಸ್ ಬಂದಾಗ ಯಾರು ಎಷ್ಟು ಹೊಡೆದರು ಅನ್ನೋ ಡ್ಯಾಮೇಜ್ ಪಟ್ಟಿಯ ತಲೆಯಲ್ಲಿ ಸಾಲಾಗಿ ಕೂತಿದ್ದವರು ಫ್ಯೂರಿ ಸ್ಪೆಕ್‌ನ ವಾರಿಯರ್‌ಗಳೇ. ಈಗ ಅವನ ಸಮಸ್ಯೆ ಬೇರೆ: ಜಾಸ್ತಿ ಹೊಡೆದರೆ ಬಾಸ್, ಅಂದರೆ ಅಲ್ಲಿನ ದೊಡ್ಡ ಶತ್ರು, ಟ್ಯಾಂಕನ್ನ ಬಿಟ್ಟು ಇವನ ಕಡೆ ತಿರುಗ್ತಾನೆ. ಕಷ್ಟ ಕೈಯಲ್ಲಿಲ್ಲ, ಕೈ ಹಿಡಿದುಕೊಳ್ಳೋದರಲ್ಲಿದೆ.

ಮೇಜ್‌ಗೆ ಬೆಂಕಿ, ಹಿಮ ಎಲ್ಲ ಗೊತ್ತು. ಆದರೆ ಮೋಲ್ಟನ್ ಕೋರ್ ಒಳಗೆ ಇರೋದೆಲ್ಲ ಬೆಂಕಿಯ ಪ್ರಾಣಿಗಳು, ಬೆಂಕಿಗೆ ಬೆಂಕಿ ಹಾಕಿದರೆ ಏನು ಪ್ರಯೋಜನ? ಹಾಗಾಗಿ ಮೇಜ್‌ಗಳೆಲ್ಲ ಫ್ರಾಸ್ಟ್, ಅಂದರೆ ಹಿಮದವರು. ಫ್ರಾಸ್ಟ್ ಮೇಜ್‌ನ ರೇಡ್ ಪಾಠ ಒಂದೇ ಸಾಲು: ಫ್ರಾಸ್ಟ್‌ಬೋಲ್ಟ್, ಎರಡೂವರೆ ಸೆಕೆಂಡ್, ಮತ್ತೆ ಫ್ರಾಸ್ಟ್‌ಬೋಲ್ಟ್. ಒಂದು ಬಟನ್. ಇದಕ್ಕಿಂತ ಸುಲಭದ ಕೆಲಸ ಆನ್‌ಲೈನ್ ಆಟಗಳಲ್ಲೇ ಇಲ್ಲ ಅಂತ ಹೊಸಬರು ನಗ್ತಾರೆ. ಮೊದಲ ಬಾಸ್ ಲೂಸಿಫ್ರಾನ್ ಎದುರು ನಿಂತಾಗ ನಗು ನಿಲ್ಲುತ್ತೆ. ಅವನು ಎಲ್ಲರ ಮೇಲೂ ಶಾಪ ಹಾಕ್ತಾನೆ, ಹೀಲರ್‌ಗಳ ಮಂತ್ರಕ್ಕೆ ಎರಡು ಪಟ್ಟು ಮಾನಾ ಸುರೀತಾ ಹೋಗುತ್ತೆ. ಶಾಪ ತೆಗೆಯೋಕೆ ಬರೋದು ಮೇಜ್ ಮತ್ತು ಡ್ರೂಯಿಡ್‌ಗೆ ಮಾತ್ರ. ತನ್ನ ಒಂದು ಬಟನ್ ಬಿಟ್ಟು, 40 ಜನರ ಜೀವದ ಪಟ್ಟಿಗಳ ನಡುವೆ ಯಾರಿಗೆ ಶಾಪ ಅಂತ ಹುಡುಕಿ ಹುಡುಕಿ ತೆಗೀಬೇಕು. ಇನ್ನು ಬ್ಯಾರನ್ ಗೆಡನ್ ಯಾರೋ ಒಬ್ಬನನ್ನ ಆರಿಸಿ ಅವನನ್ನೇ ಬಾಂಬ್ ಮಾಡ್ತಾನೆ. 8 ಸೆಕೆಂಡ್ ಟೈಮ್. ಗುಂಪು ಬಿಟ್ಟು ಓಡಿದರೆ ಸರಿ, ಫ್ರಾಸ್ಟ್‌ಬೋಲ್ಟ್ ಮೇಲೇ ಕಣ್ಣಿಟ್ಟು ನಿಂತಿದ್ದರೆ ಪಕ್ಕದ ಹತ್ತು ಜನ ಹೋಗ್ತಾರೆ. ಒಂದು ಬಟನ್ ಕ್ಲಾಸ್‌ನ ಅಪಾಯ ಏನಂದರೆ, ಕೈ ಖಾಲಿ ಇದ್ದಾಗ ತಲೆಯೂ ನಿದ್ದೆ ಹೋಗುತ್ತೆ.

ಹಂಟರ್? ಅವನ ಸುಖದ ದಿನ ಇಲ್ಲಿ ಮುಗೀತು. ಎರಡನೇ ಬಾಸ್ ಮ್ಯಾಗ್ಮಡಾರ್ ಆಗಾಗ ಹುಚ್ಚು ಹಿಡಿದವನ ಹಾಗೆ ಕೆರಳ್ತಾನೆ. ಅದನ್ನ ಇಳಿಸೋದು ಟ್ರ್ಯಾಂಕ್ವಿಲೈಸಿಂಗ್ ಶಾಟ್ ಒಂದೇ, ಅದು ಹಂಟರ್ ಹತ್ತಿರ ಮಾತ್ರ. ಕಲಿಯೋ ಪುಸ್ತಕವೂ ಹಿಂದಿನ ಬಾಸ್ ಲೂಸಿಫ್ರಾನ್ ಹತ್ತಿರವೇ ಸಿಗಬೇಕು. ಒಂದು ಸಲ ಬಿಟ್ಟರೆ 20 ಸೆಕೆಂಡ್ ಕಾಯಬೇಕು, ಅದಕ್ಕೆ ಹಂಟರ್‌ಗಳು ಸರದಿ ಹಚ್ಚಿಕೊಳ್ತಾರೆ: ನೀನು, ಆಮೇಲೆ ನಾನು, ಆಮೇಲೆ ಅವನು. ಶಾಟ್ ಗುರಿ ತಪ್ಪೋದೂ ಉಂಟು. ತಪ್ಪಿದರೆ ಕೂಗಿ ಹೇಳಬೇಕು, ಪಕ್ಕದವನು ಆ ಕ್ಷಣಕ್ಕೆ ರೆಡಿ ಇರಬೇಕು. ಇಲ್ಲದಿದ್ದರೆ ಟ್ಯಾಂಕ್ ಢಮಾರ್. ಅರವತ್ತು ಲೆವೆಲ್ ತನಕ ಯಾರಿಗೂ ಜವಾಬು ಕೊಡದೆ ಕರಡಿ ಜೊತೆ ಅಡ್ಡಾಡಿದವನ ಮೇಲೆ ಒಮ್ಮೆಗೇ 40 ಜನರ ಜೀವ.

ಬಟನ್ ಲೆಕ್ಕ ಯಾಕೆ ಮೋಸ ಮಾಡುತ್ತೆ ಅಂತ ಇನ್ನೊಂದು ಕಡೆಯಿಂದ ನೋಡಬಹುದು. ವಾರ್‌ಕ್ರಾಫ್ಟ್‌ನಲ್ಲಿ ಒಂದು ಬಟನ್ ಒತ್ತಿದ ಮೇಲೆ ಮುಂದಿನದಕ್ಕೆ ಸಾಮಾನ್ಯವಾಗಿ ಒಂದೂವರೆ ಸೆಕೆಂಡ್ ಬಿಡುವು ಇರುತ್ತೆ, ಗ್ಲೋಬಲ್ ಕೂಲ್‌ಡೌನ್ ಅಂತಾರೆ. ಆ ಬಿಡುವಿನಲ್ಲಿ ನಿಮ್ಮ ತಲೆ ಏನು ಮಾಡ್ತಿರಬೇಕು, ಅದೇ ಕ್ಲಾಸ್‌ನಿಂದ ಕ್ಲಾಸ್‌ಗೆ ಬೇರೆ. ಕೆಲವು ಕ್ಲಾಸ್‌ಗಳದ್ದು ಮಗ್ಗಿ ಇದ್ದ ಹಾಗೆ, ಬಾಯಿಪಾಠ ಮಾಡಿದರೆ ಆಯ್ತು. ಕೆಲವದ್ದು ಇಸ್ಪೀಟು ಇದ್ದ ಹಾಗೆ, ಕೈಗೆ ಯಾವ ಎಲೆ ಬಂತು ಅಂತ ನೋಡಿ ಹಾಕಬೇಕು. ಇವತ್ತಿನ ವಾರ್‌ಕ್ರಾಫ್ಟ್‌ನ ಫೈರ್ ಮೇಜ್ ಎರಡನೇ ಜಾತಿ. ಸತತ ಎರಡು ಬೆಂಕಿ ಮಂತ್ರ ಕ್ರಿಟ್ ಆದರೆ, ಅಂದರೆ ಅದೃಷ್ಟಕ್ಕೆ ಮಾಮೂಲಿಗಿಂತ ಜೋರಾಗಿ ಬಿದ್ದರೆ, ಒಂದು ದೊಡ್ಡ ಪೈರೋಬ್ಲಾಸ್ಟ್ ಪುಕ್ಕಟೆ. ಮೊದಲನೆಯದು ಕ್ರಿಟ್ ಆಯ್ತು ಅಂದ ತಕ್ಷಣ ಎರಡನೆಯದನ್ನ ನೀವೇ ಫೈರ್ ಬ್ಲಾಸ್ಟ್ ಹಾಕಿ ಖಾತ್ರಿ ಮಾಡಿಕೊಳ್ಳಬೇಕು, ಅದೂ ಬೇರೆ ಮಂತ್ರ ಓದುತ್ತಿರುವಾಗಲೇ. ವಿಂಡ್‌ವಾಕರ್ ಮಾಂಕ್‌ಗೆ ಇನ್ನೊಂದು ತಮಾಷೆ ಷರತ್ತು: ಒಂದೇ ಏಟನ್ನ ಸತತ ಎರಡು ಸಲ ಹಾಕಿದರೆ ಅವನ ಬೋನಸ್ ಹೋಗುತ್ತೆ. ಗಾಬರಿಯಲ್ಲಿ ಒಂದೇ ಬಟನ್ನನ್ನ ಟಪ ಟಪ ಒತ್ತೋ ಅಭ್ಯಾಸ ಇರೋರಿಗೆ ಇದು ನರಕ.

ಕ್ಲಾಸಿಕ್‌ನ ಫೆರಲ್ ಡ್ರೂಯಿಡ್ ಬಗ್ಗೆ ಹೇಳದಿದ್ದರೆ ನನಗೆ ನಿದ್ದೆ ಬರಲ್ಲ. ಬೆಕ್ಕಿನ ರೂಪದಲ್ಲಿ ಹೊಡೀತಾನೆ, ಎನರ್ಜಿ ಖಾಲಿ ಆಗುತ್ತೆ, ತಾನಾಗೇ ತುಂಬೋದು ನಿಧಾನ, 2 ಸೆಕೆಂಡಿಗೆ 20. ಯಾರೋ ತಲೆ ಓಡಿಸಿ ಕಂಡುಹಿಡಿದರು: ಬೆಕ್ಕಿನ ರೂಪ ಬಿಟ್ಟು ಮನುಷ್ಯನಾಗಿ, ತಕ್ಷಣ ಮತ್ತೆ ಬೆಕ್ಕಾದರೆ, ಫ್ಯೂರರ್ ಅನ್ನೋ ಟ್ಯಾಲೆಂಟ್‌ನಿಂದ 40 ಎನರ್ಜಿ, ವುಲ್ಫ್ಸ್‌ಹೆಡ್ ಅನ್ನೋ ಟೋಪಿಯಿಂದ ಇನ್ನೂ 20, ಒಟ್ಟು 60 ಒಮ್ಮೆಗೇ ಸಿಗುತ್ತೆ. ಖರ್ಚು ಮಾತ್ರ ಮಾನಾ. ಆ ಟೋಪಿ 40ನೇ ಲೆವೆಲ್‌ನದ್ದು, ಆದರೂ 60ರಲ್ಲಿ ರೇಡ್ ಮಾಡೋ ಬೆಕ್ಕು ಅದನ್ನ ಬಿಡಲ್ಲ. ಹೀಗೆ ಜಗಳದುದ್ದಕ್ಕೂ ಬೆಕ್ಕು, ಮನುಷ್ಯ, ಬೆಕ್ಕು, ಮನುಷ್ಯ. ಇಷ್ಟೆಲ್ಲ ಸರ್ಕಸ್ ಮಾಡಿದರೂ ಪಟ್ಟಿಯಲ್ಲಿ ಅವನ ಮೇಲೆ ನಾಲ್ಕು ಬಟನ್ ವಾರಿಯರ್ ಕೂತಿರ್ತಾನೆ. ಕಷ್ಟಪಟ್ಟಷ್ಟಕ್ಕೆ ಫಲ ಸಿಗುತ್ತೆ ಅನ್ನೋದು ಕ್ಲಾಸ್‌ಗಳ ವಿಷಯದಲ್ಲಿ ಸುಳ್ಳು. ಕಷ್ಟ ಬೇರೆ, ಬಲ ಬೇರೆ. ಇವೆರಡನ್ನ ಜನ ಯಾವಾಗಲೂ ಕಲಸಿ ಮಾತಾಡ್ತಾರೆ.

ಹೀಲರ್ ಮತ್ತು ಟ್ಯಾಂಕ್ ವಿಷಯಕ್ಕೆ ಬಂದರೆ ತಪ್ಪಿನ ಬೆಲೆ ಕಟ್ಟುವವರೇ ಬದಲಾಗ್ತಾರೆ. ಹೊಡೆಯುವವನು ಎರಡು ಸೆಕೆಂಡ್ ಸುಮ್ನೆ ನಿಂತರೆ ಬಾಸ್ ಎರಡು ಸೆಕೆಂಡ್ ತಡವಾಗಿ ಸಾಯ್ತಾನೆ, ಯಾರೂ ಗಮನಿಸಲ್ಲ. ಟ್ಯಾಂಕ್ ಎರಡು ಸೆಕೆಂಡ್ ಸುಮ್ನೆ ನಿಂತರೆ ಎಲ್ಲರಿಗೂ ಕಾಣುತ್ತೆ. ಟ್ಯಾಂಕ್‌ನ ಬಟನ್‌ಗಳು ಹೆಚ್ಚಿನ ಸಲ ಸುಲಭವೇ. ಆದರೆ ಡಂಜನ್‌ನ ದಾರಿ ಅವನಿಗೇ ಗೊತ್ತಿರಬೇಕು, ಎಷ್ಟು ಶತ್ರುಗಳನ್ನ ಒಟ್ಟಿಗೆ ಎಳೀಬೇಕು ಅಂತ ಅವನೇ ತೀರ್ಮಾನ ಮಾಡಬೇಕು. 2016ರಲ್ಲಿ ಮಿಥಿಕ್ ಪ್ಲಸ್ ಅನ್ನೋ ಕಷ್ಟದ ಡಂಜನ್ ಬಗೆ ಬಂದ ಮೇಲೆ ಗಡಿಯಾರವೂ ಓಡ್ತಿರುತ್ತೆ, ಒಬ್ಬ ಸತ್ತರೆ ಟೈಮ್ ಕಡಿತ. ಹೊಸಬರು ಟ್ಯಾಂಕ್ ಮಾಡೋಕೆ ಹೆದರೋದು ಕೈಗೆ ಕಷ್ಟ ಅಂತ ಅಲ್ಲ, ನಾಲ್ಕು ಜನ ಅಪರಿಚಿತರ ಮುಂದೆ ದಾರಿ ತಪ್ಪೋಕೆ ನಾಚಿಕೆ ಅಂತ. ಮದುವೆ ಮನೆಯಲ್ಲಿ ಬಡಿಸೋಕೆ ಬೇಕಾದಷ್ಟು ಜನ ಮುಂದೆ ಬರ್ತಾರೆ, ಅಡುಗೆ ಜವಾಬ್ದಾರಿ ತಗೋ ಅಂದರೆ ಎಲ್ಲರೂ ಫೋನ್ ನೋಡ್ತಾರೆ, ಅಲ್ವಾ?

ಟ್ಯಾಂಕ್‌ಗಳಲ್ಲೂ ಒಳಭೇದ ಇದೆ. ಬ್ಲಡ್ ಡೆತ್ ನೈಟ್‌ನ ಡೆತ್ ಸ್ಟ್ರೈಕ್, ಹಿಂದಿನ 5 ಸೆಕೆಂಡ್‌ನಲ್ಲಿ ತಿಂದ ಏಟಿನ ಒಂದು ಪಾಲನ್ನ ಜೀವವಾಗಿ ವಾಪಸ್ ಕೊಡುತ್ತೆ. ಅಂದರೆ ಏಟು ಬೀಳೋ ಮುಂಚೆ ಒತ್ತಿದರೆ ದಂಡ, ತೀರಾ ತಡ ಮಾಡಿದರೆ ಸಾವು. ಪೂರ್ತಿ ಏಟು ತಿಂದು, ಜೀವದ ಪಟ್ಟಿ ಪಾತಾಳಕ್ಕೆ ಇಳಿದಾಗ, ಹೀಲರ್ ಎದೆ ಹಿಡಿದುಕೊಂಡು ನೋಡ್ತಿರುವಾಗ ಒತ್ತಬೇಕು. ಬ್ರೂಮಾಸ್ಟರ್ ಮಾಂಕ್ ಉಲ್ಟಾ. ಅವನಿಗೆ ಬಿದ್ದ ಏಟಿನ ಒಂದು ಭಾಗ ಸಾಲದ ಲೆಕ್ಕಕ್ಕೆ ಹೋಗಿ ಕಂತಿನಲ್ಲಿ ಕಟ್ಟಾಗ್ತಾ ಇರುತ್ತೆ, ಸಾಲ ಜಾಸ್ತಿ ಆದಾಗ ಪ್ಯೂರಿಫೈಯಿಂಗ್ ಬ್ರೂ ಕುಡಿದು ಅದರ ಒಂದು ಪಾಲನ್ನ ಮನ್ನಾ ಮಾಡಿಸಿಕೊಳ್ಳಬೇಕು. ಇಬ್ಬರೂ ಟ್ಯಾಂಕ್‌ಗಳೇ. ಒಬ್ಬನದು ಧೈರ್ಯದ ಪರೀಕ್ಷೆ, ಇನ್ನೊಬ್ಬನದು ಕಿರಾಣಿ ಅಂಗಡಿ ಉದ್ರಿ ಪುಸ್ತಕ.

ನನ್ನ ಮಟ್ಟಿಗೆ ಇವತ್ತಿನ ವಾರ್‌ಕ್ರಾಫ್ಟ್‌ನಲ್ಲಿ ಅತಿ ಕಷ್ಟದ ಕೆಲಸ ಡಿಸಿಪ್ಲಿನ್ ಪ್ರೀಸ್ಟ್. ಬೇರೆ ಹೀಲರ್‌ಗಳು ಗಾಯ ಆದ ಮೇಲೆ ಮದ್ದು ಹಾಕ್ತಾರೆ. ಡಿಸಿಪ್ಲಿನ್ ಗಾಯ ಆಗೋ ಮುಂಚೆಯೇ ಜನರ ಮೇಲೆ ಅಟೋನ್‌ಮೆಂಟ್ ಅನ್ನೋ ಗುರುತು ಹಾಕಿಟ್ಟು, ಆಮೇಲೆ ಶತ್ರುವನ್ನ ಹೊಡೀತಾನೆ. ಅವನು ಮಾಡಿದ ಡ್ಯಾಮೇಜ್‌ನ ಒಂದು ಪಾಲು ಗುರುತಿರೋ ಎಲ್ಲರಿಗೂ ಜೀವವಾಗಿ ಹೋಗುತ್ತೆ. ಆ ಗುರುತು ಉಳಿಯೋದು ಸುಮಾರು 15 ಸೆಕೆಂಡ್. ರೇಡ್‌ನಲ್ಲಿ ಅಷ್ಟು ಜನಕ್ಕೆ ಗುರುತು ಹಾಕೋಕೇ ಹತ್ತು ಸೆಕೆಂಡ್ ಹತ್ತಿರ ಹೋಗುತ್ತೆ. ಹಾಗಾದರೆ ಬಾಸ್ ದೊಡ್ಡ ಏಟು ಯಾವಾಗ ಹಾಕ್ತಾನೆ ಅಂತ ಇವನಿಗೆ ಮುಂಚೆನೇ ಗೊತ್ತಿರಬೇಕು, ಅಂದರೆ ಆ ಬಾಸ್‌ನ ಇಡೀ ವೇಳಾಪಟ್ಟಿ ತಲೆಯಲ್ಲಿರಬೇಕು. ಹೊಸ ಬಾಸ್ ಎದುರು ಮೊದಲ ದಿನ ಡಿಸಿಪ್ಲಿನ್ ಪ್ರೀಸ್ಟ್ ಕುರುಡ. ಅದೇ ಬಾಸ್‌ನ ಐವತ್ತನೇ ಪ್ರಯತ್ನದಲ್ಲಿ ಅವನಷ್ಟು ಚಂದ ಕಾಯೋರು ಇಲ್ಲ. ಇಲ್ಲಿ ಬೆರಳಿನ ಚುರುಕಿಗಿಂತ ನೆನಪಿಗೆ ಕೆಲಸ ಜಾಸ್ತಿ. ಪಟ್ಟಿ ಮಾಡೋರು ಈ ಬಗೆಯ ಕಷ್ಟವನ್ನ ಹೇಗೆ ನಂಬರ್‌ಗೆ ಇಳಿಸ್ತಾರೋ ನನಗಂತೂ ಅರ್ಥ ಆಗಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ಕಷ್ಟ ಪುಕ್ಕಟೆಯಾಗಿ ಸಿಗುತ್ತೆ: ಪಿಂಗ್, ಅಂದರೆ ನಾವು ಒತ್ತಿದ್ದು ಸರ್ವರ್ ತಲುಪಿ ವಾಪಸ್ ಬರೋಕೆ ಆಗೋ ತಡ. ಭಾರತದಲ್ಲಿ ಈ ಆಟಕ್ಕೆ ಸರ್ವರ್ ಇಲ್ಲ. ಬೆಂಗಳೂರಿನಲ್ಲಿ ಕೂತು ಯುರೋಪ್ ಸರ್ವರ್‌ನಲ್ಲಿ ಆಡ್ತೀನಿ, ಒಳ್ಳೆ ದಿನ 160 ಮಿಲಿಸೆಕೆಂಡ್, ಕೆಟ್ಟ ದಿನ ಕೇಳಲೇಬೇಡಿ. ಇದರಿಂದ ಎಲ್ಲ ಕ್ಲಾಸ್‌ಗೂ ಒಂದೇ ಥರ ಪೆಟ್ಟು ಬೀಳುತ್ತೆ ಅಂದುಕೊಂಡಿದ್ದೆ, ಹಾಗಿಲ್ಲ. ಆಟದಲ್ಲಿ ಸ್ಪೆಲ್ ಕ್ಯೂ ಅಂತ ಒಂದು ವ್ಯವಸ್ಥೆ ಇದೆ. ಈಗಿನ ಮಂತ್ರ ಮುಗಿಯೋಕೆ 400 ಮಿಲಿಸೆಕೆಂಡ್ ಇರುವಾಗಲೇ ಮುಂದಿನದನ್ನ ಒತ್ತಿದರೆ ಅದು ಸಾಲಿನಲ್ಲಿ ನಿಂತುಕೊಂಡು ಸರಿಯಾದ ಹೊತ್ತಿಗೆ ಹೊರಡುತ್ತೆ. ಹಾಗಾಗಿ ಒಂದರ ಹಿಂದೆ ಒಂದು ಮಂತ್ರ ಓದುವ ಮೇಜ್‌ಗೆ, ವಾರ್‌ಲಾಕ್‌ಗೆ 160 ಪಿಂಗ್ ಗೊತ್ತೇ ಆಗಲ್ಲ. ಶತ್ರು ಮಂತ್ರ ಓದುವಾಗ ಕಿಕ್ ಕೊಟ್ಟು ನಿಲ್ಲಿಸಬೇಕಾದ ರೋಗ್‌ಗೆ ಮಾತ್ರ ಗೊತ್ತಾಗುತ್ತೆ. ನಾನು ಒತ್ತಿದ್ದು ಸರಿಯಾದ ಹೊತ್ತಿಗೇ, ನನ್ನ ಸ್ಕ್ರೀನ್‌ನಲ್ಲಿ. ಸರ್ವರ್ ಪ್ರಕಾರ ಆ ಮಂತ್ರ ಆಗಲೇ ಮುಗಿದಿತ್ತು. ಯುರೋಪಿನವನಿಗೆ ಸುಲಭ ಅಂತ ಬರೆದ ಕ್ಲಾಸ್ ನಮಗೆ ಸುಲಭ ಆಗಲೇಬೇಕು ಅಂತ ಏನಿಲ್ಲ. ಇಲ್ಲಿಂದ ಆಡೋ ಹೊಸಬರಿಗೆ ಒಂದು ಮಾತು: ಒಂದನೇ ದಿನ ರೋಗ್ ಬೇಡ.

ಫೈನಲ್ ಫ್ಯಾಂಟಸಿ 14 ಆಡುವ ನನ್ನ ಗೆಳೆಯರು ಇದೆಲ್ಲ ಕೇಳಿ ನಗ್ತಾರೆ. ಅಲ್ಲಿ ಗ್ಲೋಬಲ್ ಕೂಲ್‌ಡೌನ್ ಎರಡೂವರೆ ಸೆಕೆಂಡ್, ನೋಡೋಕೆ ಎತ್ತಿನಗಾಡಿ. ಆದರೆ ಆ ಎರಡೂವರೆ ಸೆಕೆಂಡ್ ಸಂದಿಯಲ್ಲಿ ಇನ್ನೊಂದೋ ಎರಡೋ ಏಟು ತುರುಕಬೇಕು, ಅಲ್ಲೂ ಪಿಂಗ್ ಕಾಡುತ್ತೆ. ಆ ಆಟದಲ್ಲಿ ನನಗೆ ಹೊಟ್ಟೆಕಿಚ್ಚು ತರಿಸೋ ಒಂದು ವಿಷಯ ಇದೆ: ಒಂದೇ ಪಾತ್ರದಲ್ಲಿ ಎಲ್ಲ ಜಾಬ್‌ಗಳನ್ನೂ, ಅಂದರೆ ಅಲ್ಲಿನ ಕ್ಲಾಸ್‌ಗಳನ್ನೂ, ಕಲಿಯಬಹುದು. ತಪ್ಪು ಆರಿಸಿದೆ ಅಂತ ಎರಡು ತಿಂಗಳ ಶ್ರಮ ಮಣ್ಣು ಮಾಡಬೇಕಾಗಿಲ್ಲ. "ಯಾವುದು ಸುಲಭ" ಅಂತ ಹೊಸಬರು ಅಷ್ಟು ತಲೆ ಕೆಡಿಸಿಕೊಳ್ಳೋದೇ ವಾರ್‌ಕ್ರಾಫ್ಟ್‌ನಂಥ ಆಟಗಳಲ್ಲಿ ಮತ್ತೆ ಒಂದರಿಂದ ಶುರು ಮಾಡಬೇಕು ಅನ್ನೋ ಹೆದರಿಕೆಗೆ.

ಎವರ್‌ಕ್ವೆಸ್ಟ್ ಬಾರ್ಡ್‌ನ ಮೆಲಡಿ ಕಮಾಂಡ್ ನೆನಪಿದೆ ತಾನೆ? 2025ರಲ್ಲಿ ವಾರ್‌ಕ್ರಾಫ್ಟ್‌ನವರೂ ಅಂಥದ್ದೇ ಒಂದು ತಂದರು. ಒಂದೇ ಬಟನ್. ಒತ್ತುತ್ತಾ ಹೋದರೆ ನಿಮ್ಮ ಕ್ಲಾಸ್‌ಗೆ ಆ ಕ್ಷಣಕ್ಕೆ ಯಾವ ಏಟು ಸರಿಯೋ ಅದನ್ನ ಆಟವೇ ಆರಿಸಿ ಹಾಕುತ್ತೆ. ಅದಕ್ಕೊಂದು ಸಣ್ಣ ದಂಡವೂ ಇದೆ, ಏಟಿನ ನಡುವಿನ ಬಿಡುವು ಸ್ವಲ್ಪ ಉದ್ದ. ಹಳಬರು ಸಿಕ್ಕಾಪಟ್ಟೆ ಗೊಣಗಿದರು. ನಾನೂ ಗೊಣಗಿದೆ, ಆಮೇಲೆ ಬಾಗಿಲು ಹಾಕಿಕೊಂಡು ಫೆರಲ್ ಡ್ರೂಯಿಡ್‌ನಲ್ಲಿ ಟ್ರೈ ಮಾಡಿದೆ. ಡ್ಯಾಮೇಜ್ ಪರವಾಗಿಲ್ಲ ಅನ್ನೋ ಹಾಗೆ ಬಂತು. ಮೂರನೇ ನಿಮಿಷಕ್ಕೆ ಕಾಲಡಿಯ ಬೆಂಕಿಯಲ್ಲಿ ನಿಂತು ಸತ್ತೆ. ಆ ಬಟನ್ ಹೊಡೆಯುತ್ತೆ ಅಷ್ಟೇ. ಬೆಂಕಿಯಿಂದ ಸರಿಯಲ್ಲ, ಶತ್ರುವಿನ ಮಂತ್ರ ನಿಲ್ಲಿಸಲ್ಲ, ಜೀವ ಉಳಿಸೋ ಬಟನ್ ಒತ್ತಲ್ಲ. ಕ್ಲಾಸ್‌ನ ಕಷ್ಟ ಅಂತ ನಾವು ಇಷ್ಟು ವರ್ಷ ಜಗಳ ಆಡಿದ್ದರಲ್ಲಿ ಎಷ್ಟು ಪಾಲು ಬೆರಳಿನದು ಅಂತ ಯಾರಾದರೂ ಅಳೆಯಬೇಕು ಅಂದರೆ, ಈ ಬಟನ್ ಹಾಕಿಕೊಂಡು ಒಂದು ಡಂಜನ್ ಮಾಡಿ ನೋಡಲಿ.

ಅಕ್ಕನ ಮಗ ಕೊನೆಗೆ ಹಂಟರ್‌ನೇ ಆರಿಸಿದ. ಒಂದು ಹಂದಿ ಪಳಗಿಸಿ ಅದಕ್ಕೆ ಉಂಡೆ ಅಂತ ಹೆಸರಿಟ್ಟ. ಮೂರು ವಾರದಲ್ಲಿ ಸಾಯದೆ 30 ಮುಟ್ಟಿದ, "ಇದರಲ್ಲಿ ಏನಿದೆ ಮಾಮ, ಸುಮ್ನೆ ಹೆದರಿಸ್ತೀಯ" ಅಂದ. ಆ ಶನಿವಾರ ಅವನಿಗೆ ಮೊದಲ ದೊಡ್ಡ ಡಂಜನ್, ನೋಮ್ರಿಗನ್. ನಾನು ಪ್ರೀಸ್ಟ್ ತಗೊಂಡು ಜೊತೆಗೆ ಹೋದೆ, ಉಳಿದ ಮೂವರು ಯಾರೋ ಯುರೋಪಿನವರು. ಅಲ್ಲಿ ಮೇಲಿನ ಅಂಚಿನಿಂದ ಕೆಳಗಿನ ಅಂತಸ್ತಿಗೆ ಜಿಗಿಯೋ ಜಾಗ ಇದೆ, ಸುತ್ತು ದಾರಿ ಉಳಿಸೋಕೆ ಎಲ್ಲರೂ ಅಲ್ಲಿಂದಲೇ ಹಾರ್ತಾರೆ. ಟ್ಯಾಂಕ್ ಹಾರಿದ. ನಾನು ಹಾರಿದೆ. ಎಲ್ಲರೂ ಹಾರಿದೆವು. ಕೂತು ನೀರು ಕುಡೀತಾ ಇದ್ದೆ.

ಕ್ಲಾಸಿಕ್‌ನಲ್ಲಿ ಸಾಕುಪ್ರಾಣಿ ಹಾರಲ್ಲ. ಯಜಮಾನ ಹಾರಿದರೆ ಅದು ಸಭ್ಯವಾಗಿ ಮೆಟ್ಟಿಲು ಹುಡುಕಿಕೊಂಡು, ಇಡೀ ಸುತ್ತು ದಾರಿ ಓಡಿ ಬರುತ್ತೆ, ದಾರಿಯಲ್ಲಿ ಸಿಕ್ಕ ಪ್ರತಿಯೊಬ್ಬನನ್ನೂ ಎಬ್ಬಿಸಿಕೊಂಡು. ಹಾರೋ ಮುಂಚೆ ಪ್ರಾಣಿಯನ್ನ ಡಿಸ್ಮಿಸ್ ಮಾಡಬೇಕು, 5 ಸೆಕೆಂಡ್ ಕೆಲಸ. ಅದನ್ನ ಹೇಳೋದು ನಾನು ಮರೆತಿದ್ದೆ. ಟ್ಯಾಂಕ್ ಚಾಟ್‌ನಲ್ಲಿ "ಹಂಟರ್, ನಿನ್ನ ಹಂದಿ ಎಲ್ಲಿ?" ಅಂತ ಕೇಳಿದ. ಇವನು ಸುತ್ತ ನೋಡಿದ. ನಾನು ಗ್ಲಾಸ್ ಕೆಳಗಿಟ್ಟೆ. ದೂರದ ಸುರಂಗದಲ್ಲಿ ಮೊದಲು ಉಂಡೆ ಕಾಣಿಸ್ತು, ಖುಷಿಯಾಗಿ ನಮ್ಮ ಕಡೆಗೇ ಓಡಿ ಬರ್ತಿತ್ತು. ಅದರ ಹಿಂದೆ ಅರ್ಧ ನೋಮ್ರಿಗನ್.